ಕ್ರಿಸ್‌ಮಸ್ ಕೂಟದ ಬುತ್ತಿ

ಡಿಸೆಂಬರ್ ತಿಂಗಳು ಸಮೀಪಿಸುತ್ತಲೇ ನಮ್ಮ ಹಳೆಯ ವಿದ್ಯಾರ್ಥಿನಿಯರಿಂದ ನಮಗೆ ಬರುವ ಪತ್ರಗಳಲ್ಲಿಯೂ ದೂರವಾಣಿಯ ಮಾತುಗಳಲ್ಲಿಯೂ ಒಂದು ಪ್ರಶ್ನೆಯು ತಪ್ಪದೆ ಇರುವುದುಂಟು: "ಟೀಚರ್, ಈ ಸಾರಿಯ ಕ್ರಿಸ್‌ಮಸ್ ಕೂಟಕ್ಕೆ ನಾನೇನು ತರಲಿ?" ಮೇಲ್ನೋಟಕ್ಕೆ ಇದು ಅಡುಗೆಮನೆಯ ಪ್ರಶ್ನೆ. ಆದರೆ ಅದರೊಳಗೆ ಇನ್ನೂ ಮೂರು ಪ್ರಶ್ನೆಗಳು ಅಡಗಿಕೊಂಡಿರುತ್ತವೆ. ತಂದದ್ದು ದಾರಿಯಲ್ಲಿ ಕೆಡದೆ ಇರುವುದೇ? ತಂದದ್ದನ್ನು ಕಂಡು ಯಾರಾದರೂ ನಗುವರೇ? ತಂದ ಮೇಲೆ ನಾನೂ ಎಲ್ಲರೊಡನೆ ಕುಳಿತುಕೊಳ್ಳಬಹುದೇ, ಅಥವಾ ಬಡಿಸುತ್ತಲೇ ನಿಂತಿರಬೇಕೇ? ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಹೇಳುತ್ತ ಬಂದ ಉತ್ತರವನ್ನು ಈ ಸಂಚಿಕೆಯ ಮೂಲಕ ಎಲ್ಲರಿಗೂ ಒಮ್ಮೆಲೇ ಅರಿಕೆ ಮಾಡಬೇಕೆಂದು ನಾವು ಬಯಸಿದ್ದೇವೆ.

ನಮ್ಮ ಕೂಟದ ಕ್ರಮವು ನಿಮಗೆಲ್ಲರಿಗೂ ತಿಳಿದಿರುವುದೇ. ರಜೆಯ ಒಂದು ದಿನ ಶಾಲೆಯ ಸಭಾಗೃಹದಲ್ಲಿ ಸೇರಿ, ಪ್ರಾರ್ಥನೆಯನ್ನೂ ಗೀತೆಗಳನ್ನೂ ಮುಗಿಸಿದ ತರುವಾಯ, ತಂದದ್ದನ್ನು ಹಂಚಿಕೊಂಡು ಉಣ್ಣುವುದು. ಅಂದು ಶಾಲೆಯಲ್ಲಿ ಒಲೆಯನ್ನು ಹಚ್ಚುವುದಿಲ್ಲ. ವರ್ಷವೆಲ್ಲ ವಸತಿಗೃಹದ ಮಕ್ಕಳಿಗೆ ಬೇಯಿಸಿ ಹಾಕುವ ನಮ್ಮ ಅಡುಗೆಯವರಿಗೂ ಹಬ್ಬವಿದೆ, ಅವರಿಗೂ ಮನೆ ಮಕ್ಕಳಿದ್ದಾರೆ. ಆದಕಾರಣ ಅಂದಿನ ಊಟವು ಒಲೆಯನ್ನು ಕೇಳದಂಥದೂ, ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಕೈಚೀಲದೊಳಗೆ ಬರಬಲ್ಲಂಥದೂ ಆಗಿರಬೇಕಾಗುತ್ತದೆ. ನಮ್ಮ ಹಿರಿಯರು ಇಂಥ ಊಟಕ್ಕೆ ಇಟ್ಟ ಹೆಸರು ಬುತ್ತಿ. ಹೊಲಕ್ಕೆ ಹೋಗುವವನೂ ಜಾತ್ರೆಗೆ ಹೋಗುವವನೂ ತವರಿನಿಂದ ಗಂಡನ ಮನೆಗೆ ಹೊರಟವಳೂ ಕಟ್ಟಿಕೊಳ್ಳುತ್ತಿದ್ದುದು ಇದನ್ನೇ.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದ ಮೇಲೆ ಈ ಕರಾವಳಿಯಲ್ಲಿ ಸಭೆಗಳೂ ಶಾಲೆಗಳೂ ಬೆಳೆದ ಕಥೆಯನ್ನು ನೀವು ಬಲ್ಲಿರಿ. ಆ ಸಭೆಗಳ ಮನೆಗಳಲ್ಲಿ ಕ್ರಿಸ್‌ಮಸ್ ಹಬ್ಬವು ಪರದೇಶದ ಕೇಕಿನಿಂದ ಮಾತ್ರ ನಡೆಯಲಿಲ್ಲ. ಅಕ್ಕಿ, ತೆಂಗು, ಬೆಲ್ಲ, ಎಳ್ಳು ಎಂಬ ಈ ನೆಲದ ನಾಲ್ಕು ಪದಾರ್ಥಗಳೇ ಹಬ್ಬದ ತಟ್ಟೆಯನ್ನು ತುಂಬಿದವು. ನಮ್ಮ ಕಥೋಲಿಕ ನೆರೆಹೊರೆಯವರು ಆ ತಟ್ಟೆಯನ್ನು ಕುಸ್ವಾರ್ ಎಂದು ಕರೆಯುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ಗುಲಾಬಿ ಹೂವು, ಎಳ್ಳಿನ ಲಾಡು, ಚಕ್ಕುಲಿ ಇವೆಲ್ಲ ಅದರಲ್ಲಿರುತ್ತವೆ. ಅವುಗಳ ಗುಣವನ್ನು ಗಮನಿಸಿರಿ: ಎಲ್ಲವೂ ಒಂದೊಂದೇ ತುಂಡಾಗಿ ಕೈಯಲ್ಲಿ ಹಿಡಿಯುವಂಥವು, ತಣ್ಣಗಿರುವಾಗಲೂ ರುಚಿಯಾದವು, ಹಲವು ದಿನ ಕೆಡದಂಥವು. ನೆರೆಮನೆಗೆ ಕಳುಹಿಸುವುದಕ್ಕಾಗಿಯೇ ಅವು ಹುಟ್ಟಿದಂತಿವೆ.

ಹಲವರು ಒಂದೊಂದು ತಂದು ಕೂಡಿ ಉಣ್ಣುವ ಪದ್ಧತಿಯು ಸತ್ಯವೇದದಷ್ಟು ಹಳೆಯದು. ಐದು ಸಾವಿರ ಜನರ ನಡುವೆ ಐದು ರೊಟ್ಟಿ ಎರಡು ಮೀನುಗಳನ್ನು ತಂದಿದ್ದವನು ಒಬ್ಬ ಹುಡುಗ. ಆ ರೊಟ್ಟಿಗಳು ಜವೆಗೋದಿಯವು ಎಂದು ಯೋಹಾನನು ಬಿಡದೆ ತಿಳಿಸುತ್ತಾನೆ. ಜವೆಗೋದಿಯು ಆ ನಾಡಿನಲ್ಲಿ ಬಡವರ ಧಾನ್ಯ. ಅದನ್ನು ಹೊರಗೆ ತೆಗೆಯುವುದಕ್ಕೆ ಆ ಹುಡುಗನು ನಾಚಿಕೊಂಡಿದ್ದರೆ ಅಂದಿನ ಕಥೆಯೇ ನಡೆಯುತ್ತಿರಲಿಲ್ಲ. ಇದಕ್ಕೆ ಎದುರಾದ ಇನ್ನೊಂದು ಚಿತ್ರವೂ ಅಲ್ಲಿಯೇ ಇದೆ. ಕೊರಿಂಥದ ಸಭೆಯವರು ಊಟಕ್ಕೆಂದು ಸೇರುತ್ತಿದ್ದರು. ಆದರೆ ಉಳ್ಳವರು ತಾವು ತಂದದ್ದನ್ನು ತಾವೇ ಮುಂಚಿತವಾಗಿ ಉಂಡು ಬಿಡುತ್ತಿದ್ದರು, ಇಲ್ಲದವರು ಹಸಿದು ನೋಡುತ್ತಿದ್ದರು. ಪೌಲನು ತನ್ನ ಪತ್ರದಲ್ಲಿ ಅವರನ್ನು ಗದರಿಸಿದ್ದು ಉಪದೇಶದ ತಪ್ಪಿಗಾಗಿ ಅಲ್ಲ, ಇಲ್ಲದವರನ್ನು ನಾಚಿಕೆಪಡಿಸಿದ ಊಟಕ್ಕಾಗಿ.

ಈ ಎರಡನೆಯ ಚಿತ್ರವು ನಮಗೆ ದೂರದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕೂಟದ ಮೇಜು ಬರಬರುತ್ತ ಬಹಳ ಸೊಗಸಾಗುತ್ತಿದ್ದಿತು. ಅಂಗಡಿಯಿಂದ ತರಿಸಿದ ದೊಡ್ಡ ಕೇಕುಗಳು, ಸಕ್ಕರೆಯ ಹೂಬಳ್ಳಿಗಳು, ಪ್ರತಿಯೊಂದರ ಮುಂದೆಯೂ ತಂದವರ ಹೆಸರಿನ ಚೀಟಿ. ಆ ವರ್ಷದ ಕೂಟ ಮುಗಿದ ಸಂಜೆ ನಮ್ಮ ಕಾವಲುಗಾರನು ಬಟ್ಟೆಯಲ್ಲಿ ಕಟ್ಟಿದ ಒಂದು ಸ್ಟೀಲಿನ ಡಬ್ಬಿಯನ್ನು ತಂದು ನಮ್ಮ ಮುಂದೆ ಇಟ್ಟನು. "ಅಮ್ಮಾ, ಒಬ್ಬರು ಮಗುವನ್ನು ಎತ್ತಿಕೊಂಡು ಬಂದಿದ್ದರು. ಜಗಲಿಯ ತನಕ ಹೋಗಿ ಒಳಗೆ ನೋಡಿ ಹಿಂದೆ ಬಂದರು. ಬಸ್ಸಿಗೆ ಹೊತ್ತಾಯಿತಂತೆ. ಇದನ್ನು ಮಕ್ಕಳಿಗೆ ಕೊಡಿ ಎಂದು ಹೇಳಿ ಹೋದರು" ಎಂದನು. ಬಿಚ್ಚಿ ನೋಡಿದರೆ ನಲವತ್ತು ಎಳ್ಳುಂಡೆಗಳು, ಅಚ್ಚಿನಲ್ಲಿ ಒತ್ತಿದಂತೆ ಎಲ್ಲವೂ ಒಂದೇ ಗಾತ್ರ. ಮುಚ್ಚಳದ ಒಳಗಡೆ ವಸತಿಗೃಹದ ಹಳೆಯ ಅಂಕಿಯು ಮೊಳೆಯಿಂದ ಕೊರೆದದ್ದು ಇನ್ನೂ ಅಳಿಸಿರಲಿಲ್ಲ. ದಾಖಲೆಯ ಪುಸ್ತಕವನ್ನು ತೆಗೆಸಿ ನೋಡಿ ಅವಳು ಯಾರೆಂಬುದನ್ನು ತಿಳಿದುಕೊಂಡೆವು. ತಾಯಿ ಬೀಡಿ ಕಟ್ಟಿ ಓದಿಸಿದ ಮಗಳು. ತರಗತಿಯಲ್ಲಿ ಗಣಿತಕ್ಕೆ ಅವಳೇ ಮೊದಲಿಗಳು.

ಬಸ್ಸಿಗೆ ಹೊತ್ತಾದದ್ದು ನಿಜವಾಗಿರಲೂಬಹುದು. ಆದರೂ ಆ ಡಬ್ಬಿಯು ಮೂರು ದಿನ ನಮ್ಮ ಬರೆಯುವ ಮೇಜಿನ ಮೇಲೆಯೇ ಇದ್ದಿತು. ಶಾಲೆಯ ಹೆಬ್ಬಾಗಿಲನ್ನು ಹತ್ತು ವರ್ಷ ನಿರ್ಭಯವಾಗಿ ದಾಟಿದ ಹುಡುಗಿಯು ಒಂದು ತಿಂಡಿಯ ದೆಸೆಯಿಂದ ಅದೇ ಬಾಗಿಲಿನಿಂದ ಹಿಂದಿರುಗುವಂತಾದರೆ, ನಮ್ಮ ಕೂಟವು ಯಾರಿಗಾಗಿ? ನಾವು ಸಂಘದ ಸಹೋದರಿಯರೊಡನೆ ಕುಳಿತು ಆಲೋಚಿಸಿ ಮೂರು ಕಟ್ಟಳೆಗಳನ್ನು ಮಾಡಿದೆವು. ಅವು ಇಂದಿಗೂ ನಡೆದು ಬಂದಿವೆ.

ಮೊದಲನೆಯದು, ತರುವುದು ಮನೆಯಲ್ಲಿ ಮಾಡಿದ್ದಾಗಿರಬೇಕು. ತಿನ್ನುವುದಕ್ಕೆ ಬೆಂಕಿ, ಚೂರಿ, ಚಮಚ ಇವಾವುವೂ ಬೇಕಾಗಬಾರದು. ಕೇಕು ಬೇಕೆನ್ನುವವರ ಮನಸ್ಸಿಗೆ ನೋವಾಗದಂತೆ ಶಾಲೆಯೇ ಎಲ್ಲರ ಪರವಾಗಿ ಒಂದನ್ನು ಕೊಯ್ಯುತ್ತದೆ.

ಎರಡನೆಯದು, ಬಂದ ಡಬ್ಬಿಗಳನ್ನೆಲ್ಲ ಪಕ್ಕದ ಕೋಣೆಯಲ್ಲಿ ಇಬ್ಬರು ಹುಡುಗಿಯರು ಶಾಲೆಯ ತಟ್ಟೆಗಳಿಗೆ ಬರಿದು ಮಾಡುವರು. ಮೇಜಿನ ಮೇಲೆ ಬರುವುದು ಶಾಲೆಯ ತಟ್ಟೆಗಳು ಮಾತ್ರ. ಪಾತ್ರೆಯು ಯಾವ ಮನೆಯ ಸ್ಥಿತಿಯನ್ನೂ ಹೇಳಲಾರದು. ತಟ್ಟೆಯ ಮುಂದೆ ತಂದವರ ಹೆಸರು ಇರುವುದಿಲ್ಲ, ತಿಂಡಿಯೊಳಗೆ ಇರುವುದರ ಹೆಸರು ಇರುತ್ತದೆ: ನೆಲಗಡಲೆ, ಗೋಡಂಬಿ, ಹಾಲು, ಮೊಟ್ಟೆ, ಗೋದಿ. ಕೆಲವು ಮಕ್ಕಳಿಗೆ ನೆಲಗಡಲೆಯ ಒಂದು ಕಾಳು ಸಹ ಉಸಿರು ಕಟ್ಟುವಂತೆ ಮಾಡಬಲ್ಲದೆಂಬುದು ಈಗ ಎಲ್ಲ ತಾಯಂದಿರೂ ತಿಳಿದಿರಬೇಕಾದ ಸಂಗತಿ. ಅಲ್ಲದೆ ನಮ್ಮ ಕೂಟಕ್ಕೆ ಹಿಂದೂ, ಮುಸಲ್ಮಾನ, ಜೈನ ಮನೆಗಳ ಹೆಣ್ಣುಮಕ್ಕಳೂ ಬರುತ್ತಾರೆ. ಮೊಟ್ಟೆಯನ್ನು ಮುಟ್ಟದವರು ಕೇಳಿ ಕೇಳಿ ಸಂಕೋಚಪಡಬೇಕಾಗಿಲ್ಲ.

ಮೂರನೆಯದು, ಇಪ್ಪತ್ತು ಮಂದಿಗೆ ಒಂದೊಂದು ತುಂಡಾಗುವಷ್ಟು ತಂದರೆ ಸಾಕು. ಏನೂ ತರಲಾಗದವರು ಬರಿಗೈಯಲ್ಲಿ ಬರತಕ್ಕದ್ದು. ಎಲೆ ಹಾಸುವುದಕ್ಕೂ ನೀರು ತುಂಬಿಸುವುದಕ್ಕೂ ಕೈಗಳು ಬೇಕಲ್ಲವೇ?

ಇನ್ನು ಏನನ್ನು ಮಾಡಿ ತರಬಹುದೆಂಬ ವಿಷಯ. ಗೃಹವಿಜ್ಞಾನದ ತರಗತಿಯಲ್ಲಿ ನೀವು ಕಲಿತ ಒಂದು ಮಾತನ್ನು ನೆನಪಿಗೆ ತಂದುಕೊಳ್ಳಿರಿ: ಪದಾರ್ಥವನ್ನು ಕೆಡಿಸುವುದು ಅದರೊಳಗಿನ ನೀರು. ಬೂಸಿಗೂ ಸೂಕ್ಷ್ಮಜೀವಿಗಳಿಗೂ ನೀರಿಲ್ಲದೆ ಬಾಳುವೆಯಿಲ್ಲ. ಕರಿಯುವಾಗ ನೀರು ಆವಿಯಾಗಿ ಹೋಗುತ್ತದೆ. ಬೆಲ್ಲದ ಗಟ್ಟಿ ಪಾಕವು ಉಳಿದ ನೀರನ್ನು ಅವುಗಳಿಗೆ ಸಿಕ್ಕದಂತೆ ಕಟ್ಟಿ ಹಿಡಿಯುತ್ತದೆ. ಈ ಒಂದು ಸೂತ್ರವನ್ನು ತಿಳಿದವಳಿಗೆ ಪುಸ್ತಕವೇ ಬೇಡ.

ಎಲ್ಲಕ್ಕಿಂತ ಸುಲಭವಾದದ್ದು ಅವಲಕ್ಕಿಯ ಚೂಡಾ. ಅರ್ಧ ಕಿಲೋ ತೆಳು ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ, ಬೆರಳಿನಿಂದ ಒತ್ತಿದರೆ ಪುಡಿಯಾಗುವ ತನಕ ಹುರಿದಿಡಿರಿ. ನಾಲ್ಕೈದು ದೊಡ್ಡ ಚಮಚ ಎಣ್ಣೆಯಲ್ಲಿ ಸಾಸಿವೆ, ನೆಲಗಡಲೆ, ಹುರಿಗಡಲೆ, ಕೊಬ್ಬರಿಯ ಚೂರು, ಒಣಮೆಣಸು, ಕರಿಬೇವು ಇವುಗಳ ಒಗ್ಗರಣೆ ಮಾಡಿ, ಅರಸಿನ, ಉಪ್ಪು, ಸ್ವಲ್ಪ ಸಕ್ಕರೆಪುಡಿಗಳೊಡನೆ ಬೆರೆಸಿರಿ. ಕರಿಬೇವು ಗರಿಗರಿಯಾಗುವ ತನಕ ಕಾದಿರಬೇಕು. ಹಸಿಯಾಗಿ ಉಳಿದ ನಾಲ್ಕು ಎಲೆಗಳು ಇಡೀ ಡಬ್ಬಿಯನ್ನು ಮೆತ್ತಗೆ ಮಾಡಬಲ್ಲವು. ಪೂರ್ಣವಾಗಿ ತಣಿಯುವ ಮುಂಚೆ ಮುಚ್ಚಳವನ್ನು ಹಾಕಲೇಬಾರದು. ಬಿಸಿಯ ಆವಿಯು ಮುಚ್ಚಳದಲ್ಲಿ ನೀರಾಗಿ ತಿರುಗಿ ಕೆಳಗೆ ಬೀಳುವುದು.

ಎರಡನೆಯದು ಉಂಡೆ. ಹುರಿದು ಸಿಪ್ಪೆ ತೆಗೆದ ನೆಲಗಡಲೆಯಾಗಲಿ ಹುರಿದ ಎಳ್ಳಾಗಲಿ ಎರಡು ಲೋಟಕ್ಕೆ ಒಂದು ಲೋಟ ಬೆಲ್ಲದ ಪುಡಿ ಸಾಕು. ಬೆಲ್ಲವನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ ಸೋಸಿ ಕುದಿಸಿರಿ. ಪಾಕದ ಒಂದು ತೊಟ್ಟನ್ನು ತಣ್ಣೀರಿನಲ್ಲಿ ಬಿಟ್ಟರೆ ಅದು ಗಟ್ಟಿಯಾದ ಗೋಲಿಯಾಗಿ, ತಟ್ಟೆಗೆ ಎಸೆದರೆ ಟಣ್ ಎನ್ನಬೇಕು. ಆಗ ಕಾಳನ್ನು ಸುರಿದು, ಕೈಗೆ ಅಕ್ಕಿಹಿಟ್ಟನ್ನೋ ತುಪ್ಪವನ್ನೋ ಸವರಿಕೊಂಡು, ಬಿಸಿಯಿರುವಾಗಲೇ ಕಟ್ಟಬೇಕು. ಇದಕ್ಕೆ ಇಬ್ಬರಿದ್ದರೆ ಒಳ್ಳೆಯದು. ಒಬ್ಬಳೇ ಕಟ್ಟುವಷ್ಟರಲ್ಲಿ ತಳದ ಪಾಕವು ಕಲ್ಲಾಗಿರುತ್ತದೆ. ಆಗ ಪಾತ್ರೆಯನ್ನು ಮತ್ತೆ ಸಣ್ಣ ಉರಿಯ ಮೇಲೆ ಇಟ್ಟರೆ ಅದು ಸಡಿಲಗೊಳ್ಳುವುದು.

ಮಕ್ಕಳಿಗೆ ಪ್ರಿಯವಾದದ್ದು ತುಕ್ಡಿ. ಧಾರವಾಡ, ಹುಬ್ಬಳ್ಳಿಗಳಿಗೆ ಸೇರಿದ ನಮ್ಮ ಹೆಣ್ಣುಮಕ್ಕಳು ಇದನ್ನು ಶಂಕರಪಾಳಿ ಎನ್ನುವರು. ಒಂದೊಂದು ಲೋಟ ಸಕ್ಕರೆ ಮತ್ತು ಹಾಲು, ಅರ್ಧ ಲೋಟ ತುಪ್ಪ ಇವುಗಳನ್ನು ಬೆಚ್ಚಗೆ ಮಾಡಿ ಕರಗಿಸಿ, ಹಿಡಿದಷ್ಟು ಮೈದಾಹಿಟ್ಟನ್ನು ಕಲಸಿ ಗಟ್ಟಿಯಾಗಿ ನಾದಿ, ದಪ್ಪವಾಗಿ ಲಟ್ಟಿಸಿ, ಓರೆಯಾಗಿ ಕೊಯ್ದು ಸಣ್ಣ ಉರಿಯಲ್ಲಿ ಕರಿಯಬೇಕು. ಉರಿಯು ದೊಡ್ಡದಾದರೆ ಹೊರಗೆ ಕೆಂಪು, ಒಳಗೆ ಹಸಿ.

ಗುಲಾಬಿ ಹೂವನ್ನು ನೋಡಿ ಆಸೆಪಡದವರಿಲ್ಲ. ಅದರ ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ, ಹಿಟ್ಟಿನೊಳಗೆ ಮುಕ್ಕಾಲು ಪಾಲು ಮಾತ್ರ ಅದ್ದಬೇಕು. ಹಿಟ್ಟು ಅಚ್ಚಿನ ಮೇಲ್ಭಾಗವನ್ನು ಮುಚ್ಚಿದರೆ ಹೂವು ಕಳಚಿಕೊಳ್ಳುವುದಿಲ್ಲ. ಆದರೆ ಇದು ಪ್ರಯಾಣಕ್ಕೆ ಹೇಡಿ. ದೂರದಿಂದ ತರುವವರು ಅಗಲವಾದ ಡಬ್ಬಿಯಲ್ಲಿ ಹೂಗಳನ್ನು ಜೋಡಿಸಿ ಸಂದುಗಳಿಗೆ ಮಂಡಕ್ಕಿಯನ್ನು ತುಂಬಿರಿ. ಹೂವು ಮುರಿಯದು, ಮಂಡಕ್ಕಿಯೂ ವ್ಯರ್ಥವಾಗದು. ನೆವ್ರಿಯನ್ನು ಮಾಡುವವರು ಹಸಿ ಕಾಯಿಯ ತುರಿಗೆ ಬದಲಾಗಿ ಒಣ ಕೊಬ್ಬರಿಯನ್ನು ಉಪಯೋಗಿಸಿದರೆ ವಾರವಾದರೂ ಹೂರಣವು ಕಮಟುವಾಸನೆಗೆ ತಿರುಗದು.

ಮನೆಯಲ್ಲಿ ಕಪ್ಪಾಗಿ ಕಳಿತ ಬಾಳೆಹಣ್ಣು ಎರಡಿದ್ದರೆ ಮಂಗಳೂರಿನ ಬನ್ಸ್ ಆಯಿತು. ಹಣ್ಣನ್ನು ಕಿವುಚಿ ಸಕ್ಕರೆ, ಮೊಸರು, ಜೀರಿಗೆ, ಉಪ್ಪು, ಚಿಟಿಕೆ ಸೋಡಾ ಸೇರಿಸಿ ಹಿಡಿದಷ್ಟು ಮೈದಾದಲ್ಲಿ ಕಲಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕರಿದು ತರಬಹುದು. ಅಂದಂದಿಗೆ ಇದು ಸೊಗಸು, ಬಹು ದಿನಕ್ಕೆ ಅಲ್ಲ. ಬಯಲುಸೀಮೆಯಿಂದ ಬರುವವರಿಗೆ ನಾವು ಹೇಳಿಕೊಡಬೇಕಾದದ್ದಿಲ್ಲ. ಸಜ್ಜೆಯ ಕಡಕ್ ರೊಟ್ಟಿಯೂ ಶೇಂಗಾ ಚಟ್ನಿಪುಡಿಯೂ ವಾರಗಟ್ಟಲೆ ಇರುತ್ತವೆ. ಬೇಳೆಯ ಹೋಳಿಗೆಯು ಎರಡನೆಯ ದಿನವೇ ಹಳಸತೊಡಗಿದರೆ ಶೇಂಗಾ ಹೋಳಿಗೆಯು ಎಷ್ಟೋ ದಿನ ಹಾಗೆಯೇ ಇರುತ್ತದೆ. ಬೇಳೆಯ ಹೂರಣ ಬೇಯಿಸಿದ್ದು, ಶೇಂಗಾ ಹೂರಣ ಹುರಿದದ್ದು. ಮೇಲೆ ಹೇಳಿದ ನೀರಿನ ಸೂತ್ರವೇ ಇಲ್ಲಿಯೂ ಕಾಣುವುದು.

ಅನ್ನದ ವಿಷಯದಲ್ಲಿ ಮಾತ್ರ ಎಚ್ಚರಿಕೆಯ ಒಂದು ಮಾತು. ಪುಳಿಯೋಗರೆಯು ಯಾತ್ರಿಕರ ಬುತ್ತಿಯೆಂದು ಹೆಸರಾದದ್ದು ಅದರ ಹುಳಿ ಮತ್ತು ಎಣ್ಣೆಗಳ ಬಲದಿಂದ. ಆದರೂ ಬೇಯಿಸಿದ ಅನ್ನದಲ್ಲಿ, ಬೆಂಕಿಗೂ ಸಾಯದ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಾಣುಗಳು ಉಳಿದಿರುತ್ತವೆ. ಅನ್ನವು ಬೆಚ್ಚಗೆ ಮುಚ್ಚಿಕೊಂಡು ಗಂಟೆಗಟ್ಟಲೆ ಇದ್ದರೆ ಅವು ಬೆಳೆದು ವಾಂತಿಭೇದಿಗಳನ್ನು ಉಂಟುಮಾಡುವುವು. ಆದುದರಿಂದ ಅನ್ನವನ್ನು ತರುವವರು ಶಾಲೆಯ ಸಮೀಪದಲ್ಲಿ ವಾಸಿಸುವವರೇ ಆಗಿರಲಿ. ಅಂದು ಬೆಳಿಗ್ಗೆ ಬೇಯಿಸಿ, ಅಗಲವಾದ ತಟ್ಟೆಯಲ್ಲಿ ಹರಡಿ ಬೇಗನೆ ಆರಿಸಿ, ಎರಡು ಗಂಟೆಯೊಳಗೆ ಉಣ್ಣುವಂತೆ ತರಲಿ. ಗೊಜ್ಜಾದರೋ ಹಲವು ದಿನ ಕೆಡದು, ಅದನ್ನು ದೂರದವರು ತರಬಹುದು. ಹೀಗೆ ಮೈಸೂರಿನ ಗೊಜ್ಜು ಮಂಗಳೂರಿನ ಅನ್ನವನ್ನು ಕೂಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇಪ್ಪತ್ತು ವರ್ಷ ಪರಸ್ಪರ ಪತ್ರ ಬರೆಯದ ಇಬ್ಬರು ಸಹಪಾಠಿನಿಯರು ಒಂದೇ ಪರಾತದ ಎರಡು ಕಡೆ ನಿಂತು ಕಲಸುತ್ತ ಮಾತಿಗೆ ತೊಡಗಿದರು. ಕಲಸಿ ಮುಗಿದ ಮೇಲೂ ಮಾತು ಮುಗಿಯಲಿಲ್ಲ.

ಮಾರ್ಥಳ ಕಥೆಯನ್ನು ಹೇಳುವಾಗ ಉಪದೇಶಕರು ಅವಳನ್ನು ಸ್ವಲ್ಪ ಕಠಿಣವಾಗಿಯೇ ಕಾಣುವುದುಂಟು. ಮರಿಯಳು ಕುಳಿತು ಕೇಳಿದಳು, ಮಾರ್ಥಳು ಒಳಗೆ ಹೊರಗೆ ಓಡಾಡಿ ಬೇಸತ್ತಳು. ನಮಗೆ ತೋರುವಮಟ್ಟಿಗೆ, ಅಲ್ಲಿ ಕುಂದೆಂದು ಎಣಿಸಲ್ಪಟ್ಟದ್ದು ಅಡುಗೆಯಲ್ಲ, ಬಹಳ ಕೆಲಸಗಳ ನಡುವೆ ಕಳವಳಗೊಂಡ ಮನಸ್ಸು. ಬುತ್ತಿಯು ಮಾರ್ಥಳಿಗೆ ದೊರೆತ ಬಿಡುಗಡೆ. ಅವಳ ಕೆಲಸವು ಹಿಂದಿನ ದಿನವೇ ಮುಗಿದಿದೆ, ಡಬ್ಬಿಯ ಮುಚ್ಚಳ ಬಿದ್ದಿದೆ, ಇನ್ನು ಅವಳೂ ಮರಿಯಳ ಪಕ್ಕದಲ್ಲಿ ಕುಳಿತುಕೊಳ್ಳಬಹುದು. ನಮ್ಮ ಹೆಣ್ಣುಮಕ್ಕಳು ಹಬ್ಬದ ದಿನಗಳನ್ನು ಹೊಗೆಯ ಹಿಂದೆ ಕಳೆಯುತ್ತ ಬಂದವರು. ವರ್ಷಕ್ಕೊಮ್ಮೆಯಾದರೂ ಅವರು ಕುಳಿತು ಉಣ್ಣುವುದನ್ನು ನೋಡಬೇಕೆಂಬುದೇ ನಮ್ಮ ಹಂಬಲ. ಕಳೆದ ವರ್ಷ ಒಬ್ಬ ಸಹೋದರಿಯು ತಂದ ಚಕ್ಕುಲಿಯನ್ನು ಎಲ್ಲರೂ ಮೆಚ್ಚಿದಾಗ, ಅದನ್ನು ಒತ್ತಿ ಕರಿದವರು ತನ್ನ ಯಜಮಾನರೆಂದು ಆಕೆ ನಗುತ್ತ ಒಪ್ಪಿಕೊಂಡಳು. ಮನೆಯಲ್ಲಿ ಮಾಡಿದ್ದಾಗಿರಬೇಕೆಂಬ ಕಟ್ಟಳೆಗೆ ಇದರಿಂದ ಯಾವ ಭಂಗವೂ ಇಲ್ಲವೆಂದು ನಾವು ತೀರ್ಪು ಕೊಟ್ಟೆವು.

ಎಳ್ಳುಂಡೆಯ ಡಬ್ಬಿಯ ವಿಷಯವನ್ನು ಅರ್ಧಕ್ಕೆ ಬಿಡುವುದು ಸರಿಯಲ್ಲ. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ನಾಡಿನ ಮರ್ಯಾದೆ. ಅದರಲ್ಲಿ ಶಾಲೆಯ ತೋಟದ ಹುಣಿಸೆಹಣ್ಣನ್ನು ತುಂಬಿ, ಮೇಲೆ ಹೊಸ ಕಟ್ಟಳೆಗಳ ಹಾಳೆಯನ್ನಿಟ್ಟು, ಆ ಕಡೆಗೆ ಹೋಗುವವರ ಕೈಯಲ್ಲಿ ಕಳುಹಿಸಿದೆವು. ಬೇರೇನೂ ಬರೆಯಲಿಲ್ಲ. ಮರುವರ್ಷ ಅವಳು ಬಂದಳು, ಮಗುವು ನಡೆಯುವಷ್ಟು ದೊಡ್ಡದಾಗಿತ್ತು. ಅವಳು ತಂದದ್ದು ಯಾವ ತಟ್ಟೆಯಲ್ಲಿದ್ದಿತೋ ನಮಗೆ ತಿಳಿಯಲಿಲ್ಲ. ನಾವು ತಿಳಿಯಲು ಯತ್ನಿಸಲೂ ಇಲ್ಲ.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂಬ ಗಾದೆಯನ್ನು ಉಪಾಧ್ಯಾಯಿನಿಯರಾದ ನಾವು ಆಗಾಗ ನೆನೆಯಬೇಕಾಗುತ್ತದೆ. ಬುತ್ತಿಯು ಒಂದು ದಿನಕ್ಕೆ ತೀರುವುದು, ಹೇಳಿಕೊಟ್ಟದ್ದು ಪರೀಕ್ಷೆಯ ತನಕ ಉಳಿದರೆ ಹೆಚ್ಚು. ಆದರೆ ಕಟ್ಟುವುದನ್ನು ಕಲಿತವಳಿಗೆ ಗಾದೆಯು ಸಲ್ಲದು. ಇರುವಷ್ಟರಲ್ಲಿ ಮಾಡಿ, ಅಚ್ಚುಕಟ್ಟಾಗಿ ಕಟ್ಟಿ, ತಲೆಯೆತ್ತಿ ತಂದು, ಎಲ್ಲರ ತಟ್ಟೆಗೆ ಸುರಿದು, ತಾನೂ ಕುಳಿತು ಉಣ್ಣುವುದು: ನಮ್ಮ ಶಾಲೆಯು ತನ್ನ ಮಕ್ಕಳಿಗೆ ಇಷ್ಟನ್ನು ಕಲಿಸಿದ್ದಾದರೆ ಉಳಿದ ಪಾಠಗಳ ವಿಷಯವಾಗಿ ನಾವು ಅಷ್ಟು ಚಿಂತಿಸಲಾರೆವು.

ಪ್ರಿಯ ಸಹೋದರಿಯರೇ, ತಾಯಂದಿರೇ, ಈ ವರ್ಷದ ಕೂಟಕ್ಕೆ ತಪ್ಪದೆ ಬನ್ನಿರಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಒಳಗಿನ ಪದಾರ್ಥಗಳ ಚೀಟಿಯನ್ನು ಮರೆಯದಿರಿ. ನಿಮ್ಮ ಬುತ್ತಿಯನ್ನೂ ನಿಮ್ಮ ಮನೆಗಳನ್ನೂ ಕರ್ತನು ಆಶೀರ್ವದಿಸಲಿ.